‘ಇಂದ’ ಎಂಬಲ್ಲಿ ಯಾರ ಹೆಸರಿರಬೇಕು?

ಕಳೆದ ಅಕ್ಟೋಬರ್‌ನಲ್ಲಿ, ಅರೇಬಿಕಾ ಕೊಯ್ಲಿಗೆ ಇನ್ನೂ ಒಂದು ತಿಂಗಳಿರುವಾಗ, ನಮ್ಮ ಕಚೇರಿಯವರು ಬೆಳೆಗಾರರೊಂದಿಗೆ ಮಾಡಿಕೊಳ್ಳುವ ಖರೀದಿ ಕರಾರುಗಳನ್ನು ಕಾಗದದಿಂದ ಇ-ಸಹಿಗೆ ಬದಲಾಯಿಸಲು ತೀರ್ಮಾನಿಸಿದರು. ಚಿಕ್ಕಮಗಳೂರು ಪೇಟೆಯಲ್ಲಿರುವ ಈ ಕಾಫಿ ಖರೀದಿ ಕಚೇರಿಯಲ್ಲಿ ಕಡತ, ಕರಾರು ಮತ್ತು ಲೆಕ್ಕಪತ್ರಗಳ ಹೊಣೆ ನನ್ನದು. ಕಂಪ್ಯೂಟರಿಗೆ ಸಂಬಂಧಿಸಿದ ಎಲ್ಲವೂ, ಬೇರೆ ಯಾರೂ ಕೈಹಾಕುವುದಿಲ್ಲವೆಂಬ ಒಂದೇ ಕಾರಣಕ್ಕೆ, ನನ್ನ ಮೇಜಿಗೇ ಬಂದು ಸೇರುತ್ತವೆ. ಆಲ್ದೂರು, ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ 43 ಬೆಳೆಗಾರರಿಗೆ ಒಂದೇ ಮಧ್ಯಾಹ್ನದಲ್ಲಿ ಸಹಿ ಕೋರಿಕೆಯ ಮೇಲ್ ಕಳುಹಿಸಿ, ಇನ್ನು ಬಸ್ಸಿನಲ್ಲಿ ಕವರು ಕಳುಹಿಸುವ ಕಾಟ ತಪ್ಪಿತೆಂದು ನೆಮ್ಮದಿಯಿಂದ ಮನೆಗೆ ಹೋದೆ. ನಾಲ್ಕು ದಿನ ಕಳೆದ ಮೇಲೆ ತೆರೆದು ನೋಡಿದರೆ ಸಹಿಯಾಗಿ ಬಂದಿದ್ದವು ಹನ್ನೊಂದು. ಉಳಿದವರಲ್ಲಿ ಹೆಚ್ಚಿನವರು ಮೇಲನ್ನು ತೆರೆದೇ ಇರಲಿಲ್ಲ.

ಐದನೆಯ ದಿನ ಆಲ್ದೂರಿನ ಹಿರಿಯ ಬೆಳೆಗಾರರೊಬ್ಬರಿಗೆ ಫೋನ್ ಮಾಡಿದೆ. ಅವರು ನಮ್ಮ ಕಚೇರಿಗೆ ಮೂವತ್ತು ವರ್ಷಗಳಿಂದ ಕಾಫಿ ಕೊಡುತ್ತಿರುವವರು.

“ಗೌಡ್ರೇ, ಕರಾರಿನ ಮೇಲ್ ಬಂದಿದೆಯಾ?” ಎಂದು ಕೇಳಿದೆ.

“ನಿಮ್ಮಿಂದ ಯಾವುದೂ ಬಂದಿಲ್ಲಮ್ಮ. ಯಾವುದೋ ಅಕೌಂಟ್ಸಿನವರದು ಅಂತ ಎರಡು ಸಲ ಬಂತು, ಅಳಿಸಿ ಹಾಕಿದೆ. ಅಕೌಂಟು, ಕೆವೈಸಿ ಅಂತ ಏನೇ ಬಂದರೂ ಮುಟ್ಟಬೇಡಿ ಅಂತ ಮಗ ಹೇಳಿಟ್ಟಿದಾನೆ.”

ಅವರು ಅಳಿಸಿ ಹಾಕಿದ್ದು ನಮ್ಮ ಮೇಲನ್ನೇ. ಅದೇ ಶನಿವಾರ ಆಲ್ದೂರಿಗೆ ಹೋಗುವ ಕೆಲಸವಿದ್ದುದರಿಂದ ಅವರ ಮನೆಗೂ ಹೋದೆ. ಜಗಲಿಯಲ್ಲಿ ಕುಳಿತು, ಅವರ ಮನೆಯವರು ತಂದಿಟ್ಟ ಕಾಫಿಯನ್ನು ಪಕ್ಕಕ್ಕಿಟ್ಟುಕೊಂಡು, ಅವರ ಫೋನಿನ ಅಳಿಸಿದ ಮೇಲ್‌ಗಳ ಪಟ್ಟಿಯನ್ನು ತೆರೆದೆ. ಅಲ್ಲಿ ದಪ್ಪ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ‘ಅಕೌಂಟ್ಸ್ ಡಿಪಾರ್ಟ್‌ಮೆಂಟ್ ವಯಾ’ ಎಂಬಷ್ಟು ಕಾಣುತ್ತಿತ್ತು; ಅದರ ಮುಂದಿನದು ಪರದೆಯ ಅಗಲ ಸಾಲದೆ ಮೂರು ಚುಕ್ಕೆಗಳಾಗಿ ಮುಗಿದಿತ್ತು. ನಮ್ಮ ಸಂಸ್ಥೆಯ ಹೆಸರು ಆ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಇ-ಸಹಿ ಸೇವೆಯಲ್ಲಿ ಖಾತೆ ತೆರೆಯುವಾಗ ‘ನಿಮ್ಮ ಹೆಸರು’ ಎಂದು ಕೇಳಿದ ಜಾಗದಲ್ಲಿ ನಾನೇ ಅವಸರದಲ್ಲಿ ತುಂಬಿದ್ದ ಪದಗಳು ಅವು. ಒಂದು ವರ್ಷದ ಹಿಂದೆ ಹತ್ತು ಸೆಕೆಂಡಿನಲ್ಲಿ ಬೆರಳಚ್ಚು ಮಾಡಿ ಮರೆತಿದ್ದ ಆ ಎರಡು ಪದಗಳು ನಮ್ಮ ಸಂಸ್ಥೆಯ ಹೆಸರಿನ ಜಾಗದಲ್ಲಿ ಕುಳಿತು 43 ಮನೆಗಳಿಗೆ ಹೋಗಿ ಬಂದಿದ್ದವು. ಗೌಡರ ಮೇಲೆ ನನಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನು ಅಳಿಸಿಯೇ ಹಾಕುತ್ತಿದ್ದೆ.

ಶಾಲೆಯಲ್ಲಿ ನಾವೆಲ್ಲರೂ ಪತ್ರಲೇಖನ ಕಲಿಯುವಾಗ ಎಡಗಡೆಗೆ ‘ಇಂದ’ ಎಂದು ಬರೆದು ನಮ್ಮ ಹೆಸರು ವಿಳಾಸಗಳನ್ನೂ, ಅದರ ಕೆಳಗೆ ‘ಗೆ’ ಎಂದು ಬರೆದು ಅವರ ಹೆಸರು ವಿಳಾಸಗಳನ್ನೂ ತುಂಬುತ್ತಿದ್ದೆವು. ಇಮೇಲಿನಲ್ಲಿಯೂ ಇರುವುದು ಅದೇ ವ್ಯವಸ್ಥೆ. ಆದರೆ ಅಲ್ಲಿ ‘ಇಂದ’ ಎಂಬ ಒಂದು ಸಾಲಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಅಕ್ಕಪಕ್ಕ ಕುಳಿತಿರುತ್ತವೆ. ಮೊದಲನೆಯದು ಓದುವವರ ಕಣ್ಣಿಗೆಂದು ಬರೆದ ಹೆಸರು. ಎರಡನೆಯದು ಕೋನಾಕಾರದ ಆವರಣದೊಳಗಿನ ಇಮೇಲ್ ವಿಳಾಸ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಎಂದು ಹೆಸರು; 1982ರ ಆರ್‌ಎಫ್‌ಸಿ 822ರಿಂದ ಹಿಡಿದು ಈಗ ಬಳಕೆಯಲ್ಲಿರುವ 2008ರ ಆರ್‌ಎಫ್‌ಸಿ 5322ರವರೆಗೆ ಈ ಏರ್ಪಾಟು ಹಾಗೆಯೇ ಉಳಿದುಬಂದಿದೆ. ಹೆಸರು ಎಂಬುದು ಇಷ್ಟಬಂದ ಪದಗಳ ಸಾಲು ಮಾತ್ರ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಯಾವ ಕ್ರಮವೂ ಆ ನಿಯಮದಲ್ಲಿಲ್ಲ. ಇವೆರಡೂ ಸಾಲದೆಂಬಂತೆ, ಓದುಗರ ಕಣ್ಣಿಗೆ ಬೀಳದ ಮೂರನೆಯ ವಿಳಾಸವೊಂದು ಇರುತ್ತದೆ. ಅಂಚೆ ಲಕೋಟೆಯ ಹೊರಮೈಯಂತೆ ಸರ್ವರುಗಳ ನಡುವೆ ಮಾತ್ರ ಓಡಾಡುವ ಆ ವಿಳಾಸಕ್ಕೆ, ಮೇಲ್ ತಲುಪದೆ ಹೋದರೆ ಅದರ ಸುದ್ದಿ ಹಿಂದಿರುಗುತ್ತದೆ.

ಇದೇ ಆರ್‌ಎಫ್‌ಸಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಉದಾಹರಣೆಯಿದೆ. ಕಾರ್ಯದರ್ಶಿಯೊಬ್ಬರು ಇನ್ನೊಬ್ಬರ ಪರವಾಗಿ ಸಂದೇಶ ಕಳುಹಿಸಿದರೆ, ನಿಜವಾಗಿ ಬರೆದವರ ವಿಳಾಸ ‘ಫ್ರಮ್’ ಎಂಬ ಸಾಲಿನಲ್ಲಿಯೂ ಕಾರ್ಯದರ್ಶಿಯ ವಿಳಾಸ ‘ಸೆಂಡರ್’ ಎಂಬ ಪ್ರತ್ಯೇಕ ಸಾಲಿನಲ್ಲಿಯೂ ಇರಬೇಕೆಂದು ಅಲ್ಲಿ ಹೇಳಿದೆ. ಇ-ಸಹಿ ಸೇವೆಯು ನಮ್ಮ ಪಾಲಿಗೆ ಅಂಥ ಕಾರ್ಯದರ್ಶಿಯೇ ಸರಿ: ಕರಾರು ನಮ್ಮದು, ಕೋರಿಕೆ ನಮ್ಮದು, ಅಂಚೆಗೆ ಹಾಕುವ ಕೆಲಸ ಮಾತ್ರ ಅದರದ್ದು. ಆದರೂ ರೂಢಿಯಲ್ಲಿ ಈ ಸೇವೆಗಳಲ್ಲಿ ಹೆಚ್ಚಿನವು ತಮ್ಮದೇ ವಿಳಾಸದಿಂದ ಮೇಲ್ ಕಳುಹಿಸಿ, ಹೆಸರಿನ ಜಾಗದಲ್ಲಿ ಮಾತ್ರ ನಮ್ಮನ್ನು ಸೇರಿಸಿಕೊಳ್ಳುತ್ತವೆ. ಡಾಕ್ಯುಸೈನ್ ಎಂಬ ಇ-ಸಹಿ ಸೇವೆಯಿಂದ ಮೇಲ್ ಬಂದವರೆಲ್ಲರೂ ಕಳುಹಿಸಿದವರ ಹೆಸರಿನ ಬೆನ್ನಿಗೆ ‘ವಯಾ ಡಾಕ್ಯುಸೈನ್’ ಎಂದಿರುವುದನ್ನು ನೋಡಿರುತ್ತಾರೆ.

ಈ ‘ವಯಾ’ ನಮ್ಮೂರಿನವರಿಗೆ ಹೊಸ ಪದವಲ್ಲ. ಹಾಸನಕ್ಕೆ ಹೋಗುವ ಬಸ್ಸಿನ ಫಲಕದಲ್ಲಿ ‘ವಯಾ ಬೇಲೂರು’ ಎಂದಿರುತ್ತದೆ, ಬಾಳೆಹೊನ್ನೂರಿನ ಬಸ್ಸಿನಲ್ಲಿ ‘ವಯಾ ಆಲ್ದೂರು’ ಎಂದಿರುತ್ತದೆ. ಬಸ್ಸು ಹತ್ತುವವರು ಮೊದಲು ನೋಡುವುದು ಕೊನೆಯ ಊರನ್ನು, ಆಮೇಲೆ ವಯಾ ಯಾವುದೆಂಬುದನ್ನು. ಮೇಲಿನಲ್ಲಿಯೂ ಹಾಗೆಯೇ, ‘ವಯಾ’ದ ಹಿಂದಿರುವ ಹೆಸರು ಗುರುತಿನದಾಗಿದ್ದರೆ ಮುಂದೆ ಯಾವ ಸೇವೆಯ ಹೆಸರಿದ್ದರೂ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ‘ವಯಾ’ ಎಂಬುದನ್ನು ತೆಗೆದುಹಾಕಲು ದಾರಿಯಿದೆಯೇ ಎಂದು ನಮ್ಮ ಯಜಮಾನರು ಕೇಳಿದರು. ಅವರಿಗೆ ಅದು ಅಂದಗೆಟ್ಟಂತೆ ಕಂಡಿತ್ತು. ವಿಳಾಸ ಬೇರೆಯವರದಾಗಿರುವ ತನಕ ಆ ಪದ ಇರುವುದೇ ಪ್ರಾಮಾಣಿಕವೆಂಬ ನನ್ನ ಅಭಿಪ್ರಾಯವನ್ನು ಅವರಿಗೂ ಹೇಳಿದೆ.

ಹೆಸರನ್ನು ಬದಲಾಯಿಸುವ ಸೆಟ್ಟಿಂಗ್ ಹುಡುಕಲು ಹೊರಟಾಗ ತಿಳಿದದ್ದೇನೆಂದರೆ, ಅದು ಒಂದೇ ಕಡೆ ಇರುವುದಿಲ್ಲ. ಕೆಲವು ಸೇವೆಗಳಲ್ಲಿ ಬಳಕೆದಾರರ ಪ್ರೊಫೈಲಿನಲ್ಲಿರುವ ಹೆಸರೇ ಮೇಲಿಗೂ ಹೋಗುತ್ತದೆ; ಕೆಲವದರಲ್ಲಿ ಸಂಸ್ಥೆಯ ಹೆಸರಿಗೆ ಬೇರೆ ಜಾಗವಿದ್ದು, ಲಾಂಛನ ಮತ್ತು ಬಣ್ಣಗಳನ್ನು ಕೊಡುವ ಬ್ರ್ಯಾಂಡಿಂಗ್ ಪುಟದಲ್ಲಿ ಅದು ಅಡಗಿರುತ್ತದೆ. ನಾನು ಮೊದಲು ಮಾಡಿದ್ದು ಸುಲಭದ ಕೆಲಸ: ಪ್ರೊಫೈಲಿಗೆ ಹೋಗಿ ‘ಅಕೌಂಟ್ಸ್ ಡಿಪಾರ್ಟ್‌ಮೆಂಟ್’ ಎಂಬುದನ್ನು ಅಳಿಸಿ ‘ಕಾಫಿ ಖರೀದಿ ವಿಭಾಗ’ ಎಂದು ಬರೆದೆ. ಮರುದಿನ ಸಹಿಯಾಗಿ ಬಂದ ಕರಾರಿನ ಕೊನೆಯ ಪುಟವನ್ನು ನೋಡಿದಾಗ ಎದೆ ಧಸಕ್ಕೆಂದಿತು. ಯಾರು ಯಾವಾಗ ಕಳುಹಿಸಿದರು, ಯಾರು ಯಾವ ಗಂಟೆಗೆ ತೆರೆದರು, ಯಾವಾಗ ಸಹಿ ಮಾಡಿದರು ಎಂಬುದನ್ನೆಲ್ಲ ದಾಖಲಿಸುವ ಪ್ರಮಾಣಪತ್ರದ ಪುಟ ಅದು. ಅಲ್ಲಿಯೂ ಕಳುಹಿಸಿದ ವ್ಯಕ್ತಿಯ ಜಾಗದಲ್ಲಿ ‘ಕಾಫಿ ಖರೀದಿ ವಿಭಾಗ’ ಎಂದು ಅಚ್ಚಾಗಿತ್ತು. ನಮ್ಮ ವಕೀಲರು ಅದನ್ನು ನೋಡಿ, “ವಿಭಾಗ ಅಂದ್ರೆ ಯಾರಮ್ಮ? ನಾಳೆ ಕೋರ್ಟಿನಲ್ಲಿ ವಿಭಾಗವನ್ನು ಕರೆದು ಸಾಕ್ಷಿ ಕಟ್ಟೆ ಹತ್ತಿಸ್ತೀರಾ?” ಎಂದು ಕೇಳಿದರು. ನಾವು ಬಳಸುವ ಸೇವೆಯಲ್ಲಿ ಪ್ರೊಫೈಲಿನ ಹೆಸರು ಮೇಲಿಗೂ ದಾಖಲೆಗೂ ಒಂದೇ ಆಗಿತ್ತು. ಇಮೇಲಿನ ಹೆಸರನ್ನು ಮಾತ್ರ ಬದಲಾಯಿಸುವ ಅವಕಾಶ ಇನ್ನೂ ಮೂರು ಪುಟ ಒಳಗೆ, ಇಮೇಲ್ ಮಾದರಿಗಳ ವಿಭಾಗದಲ್ಲಿತ್ತು. ಪ್ರೊಫೈಲಿನಲ್ಲಿ ನನ್ನ ನಿಜವಾದ ಪೂರ್ಣ ಹೆಸರನ್ನು ಹಾಕಿ, ಇಮೇಲಿನ ಹೆಸರನ್ನು ಅಲ್ಲಿ ಬೇರೆಯಾಗಿ ಕೊಟ್ಟೆ.

ಮಾಡುವಾಗ ಹೊಳೆಯದ ಇನ್ನೊಂದು ಪೇಚು ಆಮೇಲೆ ಎದುರಾಯಿತು. ಈಗಾಗಲೇ ತಲುಪಿರುವ ಇಮೇಲಿನ ಹೆಸರನ್ನು ಬದಲಾಯಿಸಲು ಸಾಧ್ಯವಿಲ್ಲ, ಆದರೆ ಅದರ ಬೆನ್ನಿಗೆ ತಾನಾಗಿ ಹೋಗುವ ನೆನಪೋಲೆಗಳು ಹೊಸ ಹೆಸರು ಹೊತ್ತು ಹೋದವು. ಒಂದೇ ಕರಾರಿಗೆ ಸೋಮವಾರ ಒಬ್ಬರು, ಗುರುವಾರ ಇನ್ನೊಬ್ಬರು ಸಹಿ ಕೇಳಿದಂತಾಯಿತು. ಬಾಕಿ ಉಳಿದ ಕೋರಿಕೆಗಳನ್ನೆಲ್ಲ ರದ್ದುಮಾಡಿ ಹೊಸದಾಗಿ ಕಳುಹಿಸಿದ್ದು ಆ ಕಾರಣಕ್ಕೆ.

ಸೆಟ್ಟಿಂಗ್ ಸಿಕ್ಕಿದ ಮೇಲೆ ನಿಜವಾದ ಪ್ರಶ್ನೆ ಹುಟ್ಟಿತು: ಯಾವ ಹೆಸರು? ನೋಂದಣಿಯಾಗಿರುವ ಹೆಸರನ್ನೇ ಹಾಕಬೇಕೆಂದು ನಮ್ಮ ಲೆಕ್ಕಪರಿಶೋಧಕರು ಹೇಳಿದರು. ಆ ಹೆಸರಿನ ಕೊನೆಗೆ ‘ಪ್ರೈವೇಟ್ ಲಿಮಿಟೆಡ್’ ಎಂದಿದೆ, ಮೊದಲಿಗೆ ಯಜಮಾನರ ಅಜ್ಜನ ಊರಿನ ಹೆಸರಿದೆ, ಮತ್ತು ನಮಗೆ ಕಾಫಿ ಕೊಡುವವರಲ್ಲಿ ಆ ಹೆಸರನ್ನು ಚೆಕ್ಕಿನ ಮೇಲಲ್ಲದೆ ಬೇರೆಲ್ಲಿಯೂ ಓದಿದವರು ಯಾರೂ ಇಲ್ಲ. ಬೆಳೆಗಾರರ ಬಾಯಲ್ಲಿ ನಮ್ಮ ಸಂಸ್ಥೆ ಎಂದರೆ ಯಜಮಾನರ ಹೆಸರು, ಅದರ ಮುಂದೆ ‘ಅವರ ಗೋದಾಮು’ ಅಷ್ಟೆ. “ನಾಳೆ ಐವತ್ತು ಮೂಟೆ ಚೆರ್ರಿ ಇಳಿಸ್ತೀನಿ” ಎಂದು ಫೋನಿನಲ್ಲಿ ಹೇಳುವವರು ಪ್ರೈವೇಟ್ ಲಿಮಿಟೆಡ್‌ಗೆ ಹೇಳುತ್ತಿರುವುದಿಲ್ಲ. ಸಹಿ ಮಾಡುವವರು ನಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಾರೋ ಆ ಹೆಸರು ‘ಇಂದ’ ಎಂಬ ಸಾಲಿನಲ್ಲಿರಬೇಕು, ನೋಂದಾಯಿತ ಹೆಸರು ಕರಾರಿನ ಒಳಗಿರಬೇಕು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಹೀಗೆ. ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ. ವ್ಯಕ್ತಿಯ ಹೆಸರು ಹಾಕಿದರೆ ಆ ವ್ಯಕ್ತಿ ಕೆಲಸ ಬಿಟ್ಟಾಗ ಏನು ಮಾಡುವುದೆಂಬುದು ದೊಡ್ಡ ಕಚೇರಿಗಳ ಚಿಂತೆ, ಮತ್ತು ಅದು ಸರಿಯಾದ ಚಿಂತೆಯೇ. ನಮ್ಮಲ್ಲಿ ಯಜಮಾನರು ಕೆಲಸ ಬಿಟ್ಟುಹೋಗುವ ಸಂಭವ ಕಡಿಮೆಯಾದ್ದರಿಂದ ಅವರ ಹೆಸರು ಮೊದಲು, ಅದರ ಮುಂದೆ ‘ಕಾಫಿ’ ಎಂಬ ಒಂದು ಪದ, ಇಷ್ಟೇ ಸಾಕೆಂದುಕೊಂಡೆವು. ಗುರುತಿನ ಹೆಸರು ಮೊದಲೇ ಬರಬೇಕಾದದ್ದು ಗೌಡರ ಫೋನಿನ ಆ ಮೂರು ಚುಕ್ಕೆಗಳ ಕಾರಣದಿಂದ. ಪರದೆ ಎಲ್ಲಿ ಕತ್ತರಿಸುತ್ತದೆಂಬುದು ನಮ್ಮ ಕೈಯಲ್ಲಿಲ್ಲ.

ಯಜಮಾನರ ಹೆಸರಿನಲ್ಲಿ ಮೇಲ್ ಕಳುಹಿಸಲು ಅವರಿಂದ ಒಂದು ಸಾಲಿನ ಲಿಖಿತ ಒಪ್ಪಿಗೆಯನ್ನೂ ಪಡೆದು ಕಡತಕ್ಕೆ ಸೇರಿಸಿದೆ. ಇದು ಅತಿಯಾಯಿತೆಂದು ಕಚೇರಿಯಲ್ಲಿ ನಕ್ಕರು. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೆಯ ಕಲಂ ಈ ವಿಷಯವನ್ನೇ ಹೇಳುತ್ತದೆ: ವಿದ್ಯುನ್ಮಾನ ದಾಖಲೆಯನ್ನು ಮೂಲ ಕರ್ತೃವೇ ಕಳುಹಿಸಿದ್ದರೂ, ಅವರ ಪರವಾಗಿ ವರ್ತಿಸಲು ಅಧಿಕಾರವುಳ್ಳವರು ಕಳುಹಿಸಿದ್ದರೂ, ಅವರು ಅಥವಾ ಅವರ ಪರವಾಗಿ ಬೇರೆಯವರು ತಾನಾಗಿ ಕೆಲಸ ಮಾಡುವಂತೆ ಅಣಿಗೊಳಿಸಿದ ಗಣಕ ವ್ಯವಸ್ಥೆಯೇ ಕಳುಹಿಸಿದ್ದರೂ ಅದು ಅವರದೇ ಎಂದು ಪರಿಗಣಿತವಾಗುತ್ತದೆ. ಹಾಗಾಗಿ, ಯಾವುದೋ ದೂರದ ಸರ್ವರು ನಡುರಾತ್ರಿ ತಾನಾಗಿ ಕಳುಹಿಸಿದ ನೆನಪೋಲೆಯೂ ನಮ್ಮ ಓಲೆಯೇ. ನಮ್ಮ ಓಲೆಯೆಂದ ಮೇಲೆ ಅದರ ತಲೆಯ ಮೇಲೆ ನಮ್ಮ ಹೆಸರಿರುವುದು ಬರೀ ಅಲಂಕಾರದ ಮಾತಲ್ಲ.

ಹೆಸರನ್ನು ಕನ್ನಡದಲ್ಲಿಯೇ ಹಾಕಬೇಕೆಂಬ ಹಟ ಮಾತ್ರ ಪೂರ್ತಿಯಾಗಿ ನನ್ನದು. ಊರ ಪಕ್ಕದ ಹಿರೇಮಗಳೂರಿನ ಕೋದಂಡರಾಮನಿಗೇ ಕನ್ನಡದ ಮಂತ್ರದಲ್ಲಿ ಪೂಜೆ ಸಲ್ಲುವಾಗ ಕಾಫಿ ಕರಾರಿನ ಮೇಲಿಗೆ ಇಂಗ್ಲಿಷೇ ಏಕೆ ಬೇಕು? ಆದರೆ ಈ ಹಟ ನನ್ನಿಂದ ಎರಡು ಸಂಜೆಗಳನ್ನು ಕಿತ್ತುಕೊಂಡಿತು, ಮತ್ತು ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡ ಭಾಗವೂ ಇದೇ.

ಪರೀಕ್ಷೆಗೆಂದು ಮೊದಲು ‘ಚಿಕ್ಕಮಗಳೂರು ಕಾಫಿ ಖರೀದಿ ಕಚೇರಿ’ ಎಂಬ ಹೆಸರನ್ನು ಕೊಟ್ಟು ನನಗೆ ನಾನೇ ಒಂದು ಕೋರಿಕೆ ಕಳುಹಿಸಿಕೊಂಡೆ. ಕಚೇರಿಯ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ಕಂಡಿತು. ಮನೆಗೆ ಹೋಗಿ ಹಳೆಯ ಫೋನಿನಲ್ಲಿ ತೆರೆದರೆ ‘ಚಿಕ್ಕಮಗಳೂರು ಕಾಫ’ ಎಂದು ಬಂದು, ಅದರ ಪಕ್ಕದಲ್ಲಿ ಕಪ್ಪು ವಜ್ರದೊಳಗೆ ಕುಳಿತ ಪ್ರಶ್ನಾರ್ಥಕ ಚಿಹ್ನೆಗಳು, ಆಮೇಲೆ ‘ಖರೀದಿ ಕಚೇರಿ’ ಎಂದಿತ್ತು. ‘ಫಿ’ ಅಕ್ಷರದ ಗುಡಿಸು ಮಾತ್ರ ಹಾರಿಹೋಗಿತ್ತು. ಬೇರೆ ಒಂದು ಅಕ್ಷರಕ್ಕೂ ಏನೂ ಆಗಿರಲಿಲ್ಲ. ಕರೆಂಟು ಹೋದ ಮನೆಯಲ್ಲಿ ಒಂದೇ ಬಲ್ಬು ಉರಿಯುತ್ತಿದ್ದರೆ ಆಗುವಂಥ ಬೆರಗು ನನಗಾಯಿತು.

ಇಮೇಲಿನ ತಲೆಬರಹದ (‘ಇಂದ’, ‘ಗೆ’ ಮುಂತಾದ) ಸಾಲುಗಳು ಮೂಲತಃ ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದವು. ಬೇರೆ ಲಿಪಿಯ ಹೆಸರನ್ನು ಅಲ್ಲಿ ಸಾಗಿಸಲು 1996ರ ಆರ್‌ಎಫ್‌ಸಿ 2047 ಒಂದು ಉಪಾಯ ಹೇಳಿತು. ಹೆಸರನ್ನು ಬೈಟುಗಳಾಗಿ, ಅಂದರೆ ಕಂಪ್ಯೂಟರು ಎಣಿಸುವ ಬಿಡಿ ತುಣುಕುಗಳಾಗಿ ಮಾಡಿ, ಆ ಬೈಟುಗಳನ್ನು ಬೇಸ್-64 ಎಂಬ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳಾಗಿ ಬದಲಾಯಿಸಿ, ಇದು ಯಾವ ಸಂಕೇತವೆಂದು ಹೇಳುವ ಗುರುತುಗಳನ್ನು ಹಿಂದೆ ಮುಂದೆ ಸೇರಿಸಿ ಕಳುಹಿಸಬೇಕು. ತಲುಪಿದ ಕಡೆ ಅದನ್ನು ಬಿಚ್ಚಿ ಓದಿಕೊಳ್ಳುತ್ತಾರೆ. ಹೀಗೆ ಮಾಡಿದ ಒಂದು ಪೊಟ್ಟಣ, ಗುರುತುಗಳೂ ಸೇರಿ, 75 ಅಕ್ಷರಗಳಿಗಿಂತ ಉದ್ದವಿರಬಾರದು. ಹೆಸರು ಅದಕ್ಕಿಂತ ಉದ್ದವಾದರೆ ಎರಡು ಪೊಟ್ಟಣಗಳಾಗಿ ಒಡೆಯಬೇಕು. ಅಕ್ಷರಗಳನ್ನು ಬೈಟುಗಳಾಗಿಸುವ ಕ್ರಮದ ಹೆಸರಾದ ಯುಟಿಎಫ್-8 ಎಂಬ ಗುರುತು ಮತ್ತು ಆವರಣಗಳಿಗೆ 12 ಅಕ್ಷರಗಳು ಹೋದರೆ ಉಳಿಯುವುದು 63. ಬೇಸ್-64ರಲ್ಲಿ ಮೂರು ಬೈಟಿಗೆ ನಾಲ್ಕು ಅಕ್ಷರಗಳಾಗುವುದರಿಂದ ಬಳಸಲು ಸಿಗುವುದು 60, ಅಂದರೆ 45 ಬೈಟುಗಳು.

ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ಚಿಕ್ಕಮಗಳೂರು’ ಎಂಬುದು ನಮ್ಮ ಕಣ್ಣಿಗೆ ಆರೇ ಅಕ್ಷರ. ಗುಡಿಸು, ಒತ್ತಕ್ಷರವನ್ನು ಕೂಡಿಸುವ ವಿರಾಮ ಚಿಹ್ನೆ, ಕೊಂಬುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿದರೆ ಕಂಪ್ಯೂಟರಿನ ಲೆಕ್ಕದಲ್ಲಿ 11 ಸಂಕೇತ, 33 ಬೈಟು. ನಡುವಿನ ಖಾಲಿ ಜಾಗಕ್ಕೆ ಒಂದು ಬೈಟು. ‘ಕಾಫಿ’ಗೆ ನಾಲ್ಕು ಸಂಕೇತ, 12 ಬೈಟು. ಒಟ್ಟು 46. ಮಿತಿ 45! ಒಂದೇ ಒಂದು ಬೈಟು ಹೆಚ್ಚಾಗಿ, ‘ಫಿ’ಯ ಗುಡಿಸಿನ ಮೂರು ಬೈಟುಗಳಲ್ಲಿ ಎರಡು ಮೊದಲ ಪೊಟ್ಟಣದಲ್ಲಿಯೂ ಒಂದು ಎರಡನೆಯ ಪೊಟ್ಟಣದಲ್ಲಿಯೂ ಸಿಕ್ಕಿಕೊಂಡಿದ್ದವು. ಯಾವ ಸಂಕೇತವನ್ನೂ ಹೀಗೆ ಎರಡು ಪೊಟ್ಟಣಗಳ ನಡುವೆ ಸೀಳಬಾರದೆಂದು ಅದೇ ಆರ್‌ಎಫ್‌ಸಿ ಸ್ಪಷ್ಟವಾಗಿ ಹೇಳಿದ್ದರೂ, ನಾವು ಬಳಸುವ ಸೇವೆಯ ತಂತ್ರಾಂಶ ಅದನ್ನು ಲೆಕ್ಕಿಸದೆ ಬೈಟಿನ ಅಳತೆಗೆ ಕತ್ತರಿ ಹಾಕಿತ್ತು. ಪೊಟ್ಟಣಗಳನ್ನು ಮೊದಲು ಜೋಡಿಸಿ ಆಮೇಲೆ ಓದುವ ಮೇಲ್ ತಂತ್ರಾಂಶಗಳಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ; ಒಂದೊಂದನ್ನೇ ಬಿಚ್ಚಿ ಓದುವವುಗಳಲ್ಲಿ ಬಯಲಾಗುತ್ತದೆ. ಕಚೇರಿಯಲ್ಲಿ ಸರಿಯಾಗಿದ್ದದ್ದು ಮನೆಯಲ್ಲಿ ಕೆಟ್ಟದ್ದರ ಗುಟ್ಟು ಅದಾಗಿತ್ತು. ಆ ಸೇವೆಯವರಿಗೆ ಇದನ್ನೆಲ್ಲ ಬರೆದು ಕಳುಹಿಸಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಉತ್ತರ ಬಂತು.

ಪರಿಹಾರ ಸರಳವಾದದ್ದೇ: ಹೆಸರು 15 ಸಂಕೇತಗಳ ಒಳಗಿದ್ದರೆ ಪೊಟ್ಟಣ ಒಡೆಯುವ ಪ್ರಸಂಗವೇ ಬರುವುದಿಲ್ಲ. ನಮ್ಮ ಅದೃಷ್ಟಕ್ಕೆ ಯಜಮಾನರ ಹೆಸರು ಚಿಕ್ಕದು, ‘ಕಾಫಿ’ ಇನ್ನೂ ಚಿಕ್ಕದು. ಅವರ ಹೆಸರಿನ ಮೊದಲಿರುವ ಇನಿಷಿಯಲ್‌ಗಳನ್ನು ಬಿಟ್ಟೆವು. ಬಿಡದಿದ್ದರೆ ಮಿತಿ ಮೀರುತ್ತಿತ್ತು. ಇಂಗ್ಲಿಷಿನಲ್ಲಿ ಹೆಸರು ಕೊಡುವವರಿಗೆ ಇನಿಷಿಯಲ್‌ಗಳ ಚುಕ್ಕೆ, ಸಂಸ್ಥೆಯ ಹೆಸರಿಗೂ ಊರಿಗೂ ನಡುವಿನ ಅಲ್ಪವಿರಾಮ ಇವೆರಡೂ ಬೇರೆ ತಂಟೆ ಮಾಡಬಹುದು. ತಲೆಬರಹದಲ್ಲಿ ಅಲ್ಪವಿರಾಮವೆಂದರೆ ಒಂದು ವಿಳಾಸ ಮುಗಿದು ಇನ್ನೊಂದು ಆರಂಭವಾಯಿತೆಂದು ಅರ್ಥ. ಅಂಥ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗಿಡಬೇಕು. ದೊಡ್ಡ ಸೇವೆಗಳು ತಾವಾಗಿಯೇ ಇದನ್ನು ಮಾಡುತ್ತವೆ. ಸ್ವಂತ ಸರ್ವರಿನಲ್ಲಿ ಮುಕ್ತ ತಂತ್ರಾಂಶ ನಡೆಸುವವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಹೆಸರು ಸರಿಹೋದ ಮೇಲೆ ಯಜಮಾನರ ಆಸೆ ವಿಳಾಸದ ಕಡೆಗೆ ತಿರುಗಿತು. ವಿಳಾಸವೂ ನಮ್ಮದೇ ಡೊಮೇನಿನದಾದರೆ, ಅಂದರೆ @ ಗುರುತಿನ ಮುಂದೆ ನಮ್ಮ ಸಂಸ್ಥೆಯ ಹೆಸರೇ ಇದ್ದರೆ, ‘ವಯಾ’ ತಾನಾಗಿ ಹೋಗುತ್ತದಲ್ಲವೇ ಎಂಬುದು ಅವರ ಪ್ರಶ್ನೆ. ಹೋಗುತ್ತದೆ, ಆದರೆ ಹೆಸರಿನಷ್ಟು ಸಲೀಸಾಗಿ ಅಲ್ಲ. ಬೇರೆಯವರ ಸರ್ವರಿನಿಂದ ನಮ್ಮ ವಿಳಾಸ ಹೊತ್ತು ಹೊರಟ ಮೇಲನ್ನು ಸ್ವೀಕರಿಸುವವರು ನಂಬಬೇಕಾದರೆ ನಮ್ಮ ಡೊಮೇನಿನ ಡಿಎನ್‌ಎಸ್ ದಾಖಲೆಗಳಲ್ಲಿ (ಡೊಮೇನಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಎಲ್ಲರೂ ಓದಬಹುದಾದ ಪಟ್ಟಿಯಲ್ಲಿ) ಅದಕ್ಕೆ ಅನುಮತಿ ಬರೆದಿರಬೇಕು. ಯಾವ ಸರ್ವರುಗಳು ನಮ್ಮ ಪರವಾಗಿ ಕಳುಹಿಸಬಹುದೆಂಬ ಪಟ್ಟಿ ಎಸ್‌ಪಿಎಫ್. ಇಮೇಲಿನ ಮೇಲೆ ಒತ್ತಿದ ಗೂಢಲಿಪಿಯ ಮುದ್ರೆ ಡಿಕಿಮ್. ಇವೆರಡರಲ್ಲಿ ಒಂದಾದರೂ ‘ಇಂದ’ ಸಾಲಿನ ಡೊಮೇನಿಗೆ ಹೊಂದಬೇಕು, ಹೊಂದದಿದ್ದರೆ ಏನು ಮಾಡಬೇಕು ಎಂದು ಹೇಳುವ ಸೂಚನೆ ಡಿಮಾರ್ಕ್. 2014ರಲ್ಲಿ ಯಾಹೂ ತನ್ನ ವಿಳಾಸಗಳಿಗೆ ‘ಹೊಂದದಿದ್ದರೆ ತಿರಸ್ಕರಿಸಿ’ ಎಂಬ ಸೂಚನೆ ಹಾಕಿದಾಗ, ಅದುವರೆಗೆ ಇತರರ ವಿಳಾಸವನ್ನು ‘ಇಂದ’ ಸಾಲಿನಲ್ಲಿ ಇಟ್ಟುಕೊಂಡು ಕಳುಹಿಸುತ್ತಿದ್ದ ಎಷ್ಟೋ ಸೇವೆಗಳ ಮೇಲ್‌ಗಳು ತಲುಪದೆ ಹೋದವು. ವಿಳಾಸ ಸೇವೆಯದು, ಹೆಸರು ಮಾತ್ರ ನಮ್ಮದು ಎಂಬ ರೂಢಿ ಗಟ್ಟಿಯಾಗಲು ಇಂಥ ಕಟ್ಟುಪಾಡುಗಳೂ ಕಾರಣ. 2024ರ ಫೆಬ್ರವರಿಯಿಂದ ಗೂಗಲ್, ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ನಾವು ವರ್ಷಕ್ಕೆ ಕಳುಹಿಸುವುದೇ ಇನ್ನೂರು ಮೇಲ್ ಇದ್ದೀತು, ಮತ್ತು ನಮ್ಮ ಸೇವೆಯಲ್ಲಿ ಸ್ವಂತ ಡೊಮೇನಿನ ಸೌಲಭ್ಯ ದುಬಾರಿ ಯೋಜನೆಯಲ್ಲಿ ಮಾತ್ರವಿದೆ. ಸದ್ಯಕ್ಕೆ ಬೇಡವೆಂದು ಬಿಟ್ಟೆವು. ‘ವಯಾ’ ಉಳಿದುಕೊಂಡಿತು.

ಅದರ ಬದಲು ಮಾಡಿದ ಒಂದು ಸಣ್ಣ ಬದಲಾವಣೆ ಹೆಚ್ಚು ಉಪಯೋಗಕ್ಕೆ ಬಂತು. ಸೇವೆಯ ವಿಳಾಸ ‘ನೋ-ರಿಪ್ಲೈ’ ಎಂದು ಆರಂಭವಾಗುತ್ತದೆ. ಕಳಸದ ಒಬ್ಬ ಬೆಳೆಗಾರರು ಮೊದಲ ಮೇಲಿಗೇ ಉತ್ತರವಾಗಿ ಮುಂಗಡದ ಬಗ್ಗೆ ಎರಡು ಪ್ರಶ್ನೆ ಕೇಳಿ, ಒಂದು ವಾರ ಕಾದು, ನಾವು ಉತ್ತರಿಸಲಿಲ್ಲವೆಂದು ಮುನಿಸಿಕೊಂಡಿದ್ದರು. ಅವರ ಪ್ರಶ್ನೆ ಯಾರೂ ತೆರೆಯದ ಪೆಟ್ಟಿಗೆಗೆ ಬಿದ್ದಿತ್ತು. ಉತ್ತರಗಳು ಎಲ್ಲಿಗೆ ಹೋಗಬೇಕೆಂದು ಸೂಚಿಸುವ ‘ರಿಪ್ಲೈ-ಟು’ ಎಂಬ ಬೇರೆಯೇ ಸಾಲೊಂದು ತಲೆಬರಹದಲ್ಲಿರುತ್ತದೆ; ಅದನ್ನು ತುಂಬುವ ಅವಕಾಶ ನಮ್ಮ ಸೇವೆಯಲ್ಲಿ ಹೆಸರಿನ ಸೆಟ್ಟಿಂಗಿನ ಕೆಳಗೇ ಇತ್ತು. ಅಲ್ಲಿ ಕಚೇರಿಯ ವಿಳಾಸವನ್ನು ಕೊಟ್ಟೆ.

ಇಷ್ಟೆಲ್ಲ ಮಾಡುವಾಗ ಒಂದು ಅಳುಕು ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ನಾನು ಹತ್ತು ಸೆಕೆಂಡಿನಲ್ಲಿ ಯಜಮಾನರ ಹೆಸರನ್ನು ಹಾಕಬಲ್ಲೆನಾದರೆ ಕಳ್ಳನೂ ಹಾಕಬಲ್ಲ. ಇ-ಸಹಿ ಕೋರಿಕೆಯಂತೆ ವೇಷ ಹಾಕಿದ ಮೋಸದ ಮೇಲ್‌ಗಳು ಹೊಸತೇನಲ್ಲ. ಅಂಥದ್ದನ್ನು ಮಾಡುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಮೂರು ವರ್ಷದವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನು ಹೇಳುತ್ತದೆ, ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು; ಆದರೆ ಆಲ್ದೂರಿನ ಜಗಲಿಯಲ್ಲಿ ಫೋನ್ ಹಿಡಿದು ಕುಳಿತವರಿಗೆ ಆ ಗಳಿಗೆಯಲ್ಲಿ ಇವು ಒದಗುವುದಿಲ್ಲ. ಗುರುತಿನ ಹೆಸರು ಕಂಡರೆ ತೆರೆಯಿರಿ ಎಂದು ನಾವೇ ಬೆಳೆಗಾರರಿಗೆ ಅಭ್ಯಾಸ ಮಾಡಿಸಿದರೆ, ಆ ಅಭ್ಯಾಸವೇ ನಾಳೆ ಅವರಿಗೆ ಮುಳುವಾಗಬಹುದು. ಆದ್ದರಿಂದ ಮೇಲ್ ಹೋಗುವ ಹಿಂದಿನ ದಿನ ಪ್ರತಿಯೊಬ್ಬರಿಗೂ ಕಚೇರಿಯ ಹಳೆಯ ಲ್ಯಾಂಡ್‌ಲೈನಿನಿಂದಲೇ ಫೋನ್ ಮಾಡಿ ನಾಲ್ಕು ಮಾತು ಹೇಳುತ್ತೇವೆ: ನಾಳೆ ಮೇಲ್ ಬರುತ್ತದೆ, ಯಜಮಾನರ ಹೆಸರು ಕನ್ನಡದಲ್ಲಿರುತ್ತದೆ, ಮುಂದೆ ‘ವಯಾ’ ಅಂತ ಈ ಸೇವೆಯ ಹೆಸರಿರುತ್ತದೆ, ಹೆಸರಿನ ಮೇಲೆ ಬೆರಳಿಟ್ಟರೆ ಕಾಣುವ ವಿಳಾಸ ಈ ಪದದಿಂದಲೇ ಮುಗಿಯಬೇಕು. ಬ್ಯಾಂಕ್ ಖಾತೆಯ ವಿವರವನ್ನಾಗಲಿ ಪಾಸ್‌ವರ್ಡನ್ನಾಗಲಿ ನಮ್ಮ ಮೇಲ್ ಎಂದೂ ಕೇಳುವುದಿಲ್ಲವೆಂದೂ ಸೇರಿಸುತ್ತೇವೆ. 43 ಫೋನ್ ಕರೆಗಳಿಗೆ ಒಂದೂವರೆ ದಿನ ಹಿಡಿಯುತ್ತದೆ. ಹಾಗಾದರೆ ಇ-ಸಹಿಯಿಂದ ಉಳಿಸಿದ್ದೇನು ಎಂದು ಯಜಮಾನರು ಕೇಳಿದ್ದಾರೆ. ಬಸ್ಸಿನಲ್ಲಿ ಕವರು ಕಳುಹಿಸಿ, ಅದು ವಾಪಸು ಬರುವ ತನಕ ಕಾಯುತ್ತಿದ್ದ ದಿನಗಳನ್ನು ಅವರಿಗೆ ನೆನಪಿಸಿದೆ.

ಸಹಿಯ ಬಲಕ್ಕೂ ಈ ಹೆಸರಿಗೂ ಸಂಬಂಧವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಆಧಾರ್ ಒಟಿಪಿಯ ಮೂಲಕ ನಡೆಯುವ ಇ-ಸೈನ್‌ನಲ್ಲಿ ಸಹಿ ಮಾಡಿದವರ ಹೆಸರು ಅವರ ಆಧಾರಿನಿಂದ ಬಂದು ಡಿಜಿಟಲ್ ಪ್ರಮಾಣಪತ್ರದಲ್ಲಿ ಸೇರುತ್ತದೆ. ಇಮೇಲಿನ ತಲೆಬರಹದಲ್ಲಿ ಯಾರ ಹೆಸರಿತ್ತೆಂಬುದು ಅಲ್ಲಿಗೆ ಬರುವುದೇ ಇಲ್ಲ. ವಿದ್ಯುನ್ಮಾನ ಮಾರ್ಗದಲ್ಲಿ ಆದ ಕರಾರು ಆ ಕಾರಣವೊಂದರಿಂದಲೇ ಅಸಿಂಧುವಾಗುವುದಿಲ್ಲವೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಉಯಿಲು, ಟ್ರಸ್ಟ್ ಪತ್ರಗಳಿಗೆ ಈ ಕಾಯ್ದೆ ಅನ್ವಯವಾಗುವುದಿಲ್ಲ. ನಮಗೆ ಅವುಗಳ ಗೊಡವೆಯಿಲ್ಲ.

ರದ್ದುಮಾಡಿ ಹೊಸದಾಗಿ ಕಳುಹಿಸಿದ 32 ಕೋರಿಕೆಗಳಲ್ಲಿ ಮೊದಲ ದಿನವೇ 19 ಸಹಿಯಾಗಿ ಬಂದವು. ಇದರಲ್ಲಿ ಹೆಸರಿನ ಪಾಲೆಷ್ಟು, ಫೋನ್ ಕರೆಯ ಪಾಲೆಷ್ಟು ಎಂದು ಬೇರ್ಪಡಿಸಲು ನನ್ನಿಂದಾಗದು. ಗೌಡರದು ಮಾತ್ರ ಆ 19ರಲ್ಲಿ ಇರಲಿಲ್ಲ. ಅವರು ಮೇಲನ್ನು ತೆರೆದಿದ್ದಾರೆಂದು ದಾಖಲೆ ಹೇಳುತ್ತಿತ್ತು, ಎರಡು ಸಲ, ಎರಡನೆಯ ಸಲ ಹನ್ನೆರಡು ನಿಮಿಷ. ಸಂಜೆ ಐದಕ್ಕೆ ಕಚೇರಿಯ ಪೆಟ್ಟಿಗೆಗೆ ಅವರ ಉತ್ತರ ಬಂದು ಬಿತ್ತು. ಮಗನ ಕೈಯಲ್ಲಿ ಬರೆಸಿದ್ದಿರಬೇಕು, ಏಕೆಂದರೆ ಒಂದೇ ಒಂದು ಕಾಗುಣಿತ ತಪ್ಪಿರಲಿಲ್ಲ. ಹೆಸರು ನೋಡಿ ತೆರೆದೆ, ಎಲ್ಲವೂ ಸರಿಯಾಗಿದೆ, ಆದರೆ ನಾಲ್ಕನೆಯ ಪುಟದಲ್ಲಿ ನನ್ನ ಪಾರ್ಚ್‌ಮೆಂಟ್ ಕಾಫಿ 120 ಮೂಟೆ ಅಂತ ಬರೆದಿದ್ದೀರಿ, ನಾನು ಒಪ್ಪಿದ್ದು 102 ಎಂದು ಅದರಲ್ಲಿತ್ತು. ಕಡತ ತೆಗೆದು ನೋಡಿದೆ. ಅಂಕಿ ಹಿಂದುಮುಂದಾಗಿ ಬೆರಳಚ್ಚು ಮಾಡಿದ್ದವಳು ನಾನೇ. ತಿದ್ದಿ ಮತ್ತೆ ಕಳುಹಿಸಿದ ಇಪ್ಪತ್ತು ನಿಮಿಷಕ್ಕೆ ಸಹಿ ಬಂತು.